ಬಲಗೈ ಸೋತ ಪಿಯಾನೋ ಮೇಷ್ಟರು

ಹಾರ್ಮೋನಿಯಂ ನುಡಿಸುವವರನ್ನು ನೀವು ನೋಡಿರುತ್ತೀರಿ. ಒಂದು ಕೈ ಕಪ್ಪು ಬಿಳಿ ಕೀಗಳ ಮೇಲೆ ಓಡಾಡುತ್ತದೆ, ಇನ್ನೊಂದು ತಿದಿ ಒತ್ತುತ್ತದೆ. ಪಿಯಾನೋದಲ್ಲಿ ಹಾಗಲ್ಲ. ಅದರ 88 ಕೀಗಳನ್ನು ಎರಡು ಕೈಗಳೂ ಹಂಚಿಕೊಳ್ಳಬೇಕು. ಸಾಮಾನ್ಯವಾಗಿ ಎಡಗೈಗೆ ಮಂದ್ರದ ಆಧಾರ, ಬಲಗೈಗೆ ಹಾಡಿನ ಎಳೆ. ಆ ಬಲಗೈಯೇ ಕೈಕೊಟ್ಟರೆ? ಅಮೆರಿಕದ ಲಿಯಾನ್ ಫ್ಲೈಶರ್ (1928–2020) ಅವರಿಗೆ ಆದದ್ದು ಅದೇ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅವರು ಒಂಬತ್ತನೆಯ ವಯಸ್ಸಿನಲ್ಲೇ ಇಟಲಿಗೆ ಹೋಗಿ ಆರ್ಟುರ್ ಶ್ನಾಬೆಲ್ ಅವರ ಶಿಷ್ಯರಾದರು. ಶ್ನಾಬೆಲ್ ಅವರ ಗುರು ಲೆಶೆಟಿಟ್ಸ್ಕಿ, ಅವರ ಗುರು ಚೆರ್ನಿ, ಚೆರ್ನಿಯ ಗುರು ಸಾಕ್ಷಾತ್ ಬೀಥೋವನ್! ಗುರುಪರಂಪರೆ ನಮ್ಮ ಸಂಗೀತದ ಸೊತ್ತು ಮಾತ್ರವಲ್ಲ, ನೋಡಿ. 1944ರಲ್ಲಿ, ಹದಿನಾರರ ಹರೆಯದಲ್ಲಿ, ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ನುಡಿಸಿದರು. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದರು. 1959ರಿಂದ ಬಾಲ್ಟಿಮೋರಿನ ಪೀಬಾಡಿ ಸಂಗೀತ ಶಾಲೆಯಲ್ಲಿ ಅಧ್ಯಾಪಕರು. ಆ ಶಾಲೆ 1977ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಡನೆ ಸೇರಿತು.

ಅರವತ್ತರ ದಶಕದ ನಡುವೆ ಬಲಗೈಯ ಕಿರುಬೆರಳು, ಉಂಗುರ ಬೆರಳು ತಾವಾಗಿಯೇ ಅಂಗೈಯೊಳಕ್ಕೆ ಮಡಿಸಿಕೊಳ್ಳತೊಡಗಿದವು. ಇದರ ಹೆಸರು ಡಿಸ್ಟೋನಿಯಾ. ದೋಷವಿರುವುದು ಬೆರಳಿನಲ್ಲಲ್ಲ, ಮೆದುಳಿನಲ್ಲಿ. ಒಂದೊಂದು ಬೆರಳಿಗೂ ಮೆದುಳಿನಲ್ಲಿ ಅದರದೇ ಜಾಗವಿರುತ್ತದೆ. ಒಂದೇ ಸೂಕ್ಷ್ಮ ಚಲನೆಯನ್ನು ವರ್ಷಗಟ್ಟಲೆ ಮಾಡಿದಾಗ ಕೆಲವರಲ್ಲಿ ಈ ಜಾಗಗಳ ಗಡಿ ಕಲಸಿಹೋಗುತ್ತದೆ. ಆಗ ಒಂದು ಬೆರಳಿಗೆ ಕೊಟ್ಟ ಆಜ್ಞೆ ಪಕ್ಕದ ಸ್ನಾಯುಗಳಿಗೂ ತಲುಪುತ್ತದೆ. ಇನ್ನಷ್ಟು ಸಾಧನೆ ಮಾಡಿದರೆ ಸರಿಹೋಗುತ್ತದೆ ಎನ್ನುವ ನಮ್ಮ ಹಿರಿಯರ ಮಾತು ಇಲ್ಲಿ ತಿರುಗುಬಾಣ. ಫ್ಲೈಶರ್ ಹಾಗೆ ಮಾಡಿ ನೋಡಿದರು. ಬೆರಳುಗಳು ಮತ್ತಷ್ಟು ಬಿಗಿದುಕೊಂಡವು. ಕಾಯಿಲೆಗೆ ಆಗ ಸರಿಯಾದ ಹೆಸರು ಹೇಳುವವರೂ ಸಿಗಲಿಲ್ಲ.

ಅದೃಷ್ಟಕ್ಕೆ, ಎಡಗೈಗೆಂದೇ ಬರೆದ ಸಂಗೀತ ಮೊದಲೇ ಇತ್ತು. ಮೊದಲ ಮಹಾಯುದ್ಧದಲ್ಲಿ ಬಲದೋಳು ಕಳೆದುಕೊಂಡ ವಿಯೆನ್ನಾದ ಪಾಲ್ ವಿಟ್‌ಗೆನ್‌ಸ್ಟೈನ್ (ತತ್ತ್ವಜ್ಞಾನಿ ಲುಡ್ವಿಗ್‌ರ ಅಣ್ಣ) ದೊಡ್ಡ ರಚನಕಾರರಿಂದ ಅದನ್ನು ಬರೆಸಿಕೊಂಡಿದ್ದರು. ಅದರಲ್ಲಿ ರವೆಲ್ ಬರೆದ ಕನ್ಚರ್ಟೋ ಪ್ರಸಿದ್ಧ. ಕಣ್ಣು ಮುಚ್ಚಿ ಕೇಳಿದರೆ ಒಂದೇ ಕೈ ಎಂದು ನಂಬಲಾರಿರಿ. ಹೆಬ್ಬೆರಳು ರಾಗವನ್ನು ಹಾಡುತ್ತದೆ, ಉಳಿದ ಬೆರಳುಗಳು ಕೆಳಗೆ ಜಿಗಿದು ಆಧಾರ ಹಿಡಿಯುತ್ತವೆ, ಪೆಡಲು ಎರಡನ್ನೂ ಬೆಸೆಯುತ್ತದೆ.

ಪಾಠದ ಕೋಣೆಯಲ್ಲೂ ಬದಲಾವಣೆಯಾಯಿತು. ಮೊದಲು ಶಿಷ್ಯನನ್ನು ಎಬ್ಬಿಸಿ ತಾವೇ ಕುಳಿತು “ಹೀಗೆ” ಎಂದು ನುಡಿಸಿ ತೋರಿಸಬಹುದಿತ್ತು. ಈಗ ಅದು ಸಾಧ್ಯವಿಲ್ಲ. ಈ ಸ್ವರ ಇಲ್ಲೇಕೆ ಬಂತು, ಎಲ್ಲಿ ಕಾಯಬೇಕು, ಯಾವುದು ಯಾವುದರತ್ತ ಸಾಗುತ್ತಿದೆ ಎಂಬುದನ್ನೆಲ್ಲ ಮಾತಿನಲ್ಲೇ ತಿಳಿಸಬೇಕಾಯಿತು. ತೋರಿಸಿದ್ದನ್ನು ಶಿಷ್ಯ ಅನುಕರಿಸುತ್ತಾನೆ. ವಿವರಿಸಿದ್ದನ್ನು ತಾನೇ ಯೋಚಿಸಬೇಕಾಗುತ್ತದೆ. ಅವರ ಬೋಧನೆಯ ಶಕ್ತಿ ಬೆಳೆದದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಆಂದ್ರೆ ವಾಟ್ಸ್, ಜೊನಾಥನ್ ಬಿಸ್ ಮುಂತಾದ ಹೆಸರಾಂತ ವಾದಕರು ಅವರ ಬಳಿ ಕಲಿತವರು.

ಮೂವತ್ತು ವರ್ಷಗಳ ನಂತರ, ತೊಂಬತ್ತರ ದಶಕದಲ್ಲಿ, ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಮತ್ತು ಅಂಗಮರ್ದನದಿಂದ ಬೆರಳುಗಳು ಬಿಡಿಸಿಕೊಂಡವು. ಇದು ಪೂರ್ಣ ಗುಣವಲ್ಲ. ಮದ್ದಿನ ಪರಿಣಾಮ ಕೆಲವು ತಿಂಗಳು ಮಾತ್ರ. 2004ರಲ್ಲಿ ‘ಟೂ ಹ್ಯಾಂಡ್ಸ್’ ಎಂಬ ಧ್ವನಿಮುದ್ರಿಕೆ ಬಂತು. ಅದೇ ವರ್ಷ ಬರ್ಲಿನ್‌ನಲ್ಲಿ ಇನ್ನೊಂದು ಕಛೇರಿ. ಹಿಂಡೆಮಿತ್ 1923ರಲ್ಲಿ ವಿಟ್‌ಗೆನ್‌ಸ್ಟೈನ್‌ಗಾಗಿ ಬರೆದ ಕೃತಿಯನ್ನು ಅವರು ನುಡಿಸದೆ ಎತ್ತಿಟ್ಟಿದ್ದರು. ಅವರ ಪತ್ನಿಯ ಮರಣಾನಂತರವಷ್ಟೇ ಅದು ಸಿಕ್ಕಿತು. ಅದನ್ನು ಲೋಕಕ್ಕೆ ಮೊದಲು ಕೇಳಿಸಿದವರು ಫ್ಲೈಶರ್. ಎರಡು ಕೈಗಳೂ ಆಡುತ್ತಿದ್ದ ಆ ಹೊತ್ತಿನಲ್ಲಿ, ಎಡಗೈಯೊಂದರಿಂದಲೇ.