ಕಾರೂ ಬಯಲಿನ ಬಿಸಿಲಕೊಯ್ಲು

ಕೇಪ್‌ಟೌನ್‌ ಬಿಟ್ಟು ಎನ್‌-1 ಹೆದ್ದಾರಿಯಲ್ಲಿ ಈಶಾನ್ಯಕ್ಕೆ ಸಾಗಿದರೆ ಹೆಕ್ಸ್‌ ನದಿಯ ಕಣಿವೆಯುದ್ದಕ್ಕೂ ದ್ರಾಕ್ಷಿ ತೋಟಗಳು. ಘಾಟಿ ಹತ್ತಿದ್ದೇ ತಡ, ಹಸಿರು ನಿಂತುಹೋಗುತ್ತದೆ. ಮೊಣಕಾಲೆತ್ತರದ ಬೂದು ಕುರುಚಲು, ಕಲ್ಲು, ಬೋಳು ಬೆಟ್ಟ. ಇದು ಕಾರೂ, ದಕ್ಷಿಣ ಆಫ್ರಿಕಾದ ಅರೆ ಮರುಭೂಮಿ. ಗಾಳಿ ಒಣಗಿದೆ, ಆಕಾಶ ತೊಳೆದಷ್ಟು ನಿಚ್ಚಳ. ಟೌಸ್‌ ರಿವರ್‌ ಎಂಬ ಸಣ್ಣ ಊರಿನ ಹೊರಗೆ, ಈ ಬಯಲಿನಲ್ಲಿ, 1500 ಯಂತ್ರಗಳು ನಿಂತಿವೆ. ಒಂದೊಂದಕ್ಕೂ ಒಂದೇ ದಪ್ಪ ಉಕ್ಕಿನ ಕಂಬ, ಅದರ ತಲೆಯ ಮೇಲೆ ಅಗಲವಾದ ಗಾಜಿನ ಹಾಸು.

ಬೆಳಗಿನ ಹೊತ್ತು ಅಷ್ಟೂ ಹಾಸುಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತು ಪೂರ್ವಕ್ಕೆ ಮುಖ ಮಾಡಿರುತ್ತವೆ. ಸೂರ್ಯ ಏರಿದಂತೆ ಅವೂ ಹಿಂದಕ್ಕೆ ವಾಲುತ್ತವೆ, ತಿರುಗುತ್ತವೆ. ತಿರುಗುವುದು ಕಣ್ಣಿಗೆ ಕಾಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ನೆರಳು ಬೇರೆ ಕಡೆ ಬಿದ್ದಿರುತ್ತದೆ. ದಕ್ಷಿಣಾರ್ಧಗೋಳದ ಈ ಊರಿನಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಹಾಸುಗಳು ಪೂರ್ವದಿಂದ ಉತ್ತರಕ್ಕೆ ಹೊರಳಿ, ಸಂಜೆಗೆ ಪಶ್ಚಿಮ ಮುಟ್ಟುತ್ತವೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ನಡುವೆ ಧಾರಾಳ ಜಾಗ ಬಿಟ್ಟಿದ್ದಾರೆ.

ಇಷ್ಟು ಕಟ್ಟುನಿಟ್ಟಿಗೆ ಕಾರಣ ಆ ಗಾಜಿನೊಳಗಿದೆ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡುವ ಹುಡುಗರ ಆಟವೇ ಇಲ್ಲಿ ವಿದ್ಯುತ್‌ ವಿದ್ಯೆಯಾಗಿದೆ. ಸಣ್ಣ ಸಣ್ಣ ಫ್ರೆನೆಲ್‌ ಲೆನ್ಸ್‌ಗಳು ಬಿಸಿಲನ್ನು ಸುಮಾರು 500 ಪಟ್ಟು ಸಾಂದ್ರಗೊಳಿಸಿ ಕೆಲವೇ ಮಿಲಿಮೀಟರ್‌ ಅಗಲದ ಸೌರಕೋಶದ ಮೇಲೆ ಚೆಲ್ಲುತ್ತವೆ. ಆ ಕೋಶದಲ್ಲಿ ಮೂರು ಪದರ. ಬೆಳಕಿನ ಬೇರೆ ಬೇರೆ ಬಣ್ಣಗಳನ್ನು ಒಂದೊಂದು ಪದರ ಹೀರಿಕೊಳ್ಳುತ್ತದೆ. ಉಪಗ್ರಹಗಳ ರೆಕ್ಕೆಯಲ್ಲಿರುವುದೂ ಇದೇ ಜಾತಿಯ ಕೋಶ. ತುಂಬ ದುಬಾರಿ, ಆದ್ದರಿಂದಲೇ ಇಷ್ಟು ಚಿಕ್ಕದು. ಗುರಿ ಒಂದು ಡಿಗ್ರಿ ತಪ್ಪಿದರೂ ಬೆಳಕಿನ ಚುಕ್ಕೆ ಕೋಶದಿಂದ ಆಚೆ ಸರಿದುಬಿಡುತ್ತದೆ. ತೆಳುಮೋಡ ಅಡ್ಡ ಬಂದರೂ ಉತ್ಪಾದನೆ ಕುಸಿಯುತ್ತದೆ, ಚದುರಿದ ಬೆಳಕನ್ನು ಲೆನ್ಸ್‌ ಒಟ್ಟುಗೂಡಿಸಲಾರದು. ಬಿರುಗಾಳಿ ಬೀಸಿದರೆ ಹಾಸುಗಳು ಅಡ್ಡಡ್ಡ ಮಲಗಿ ಗಾಳಿಯನ್ನು ಮೇಲೆ ಸಾಗಹಾಕುತ್ತವೆ. ಕೋಶ ತಣ್ಣಗಾಗಲು ನೀರು ಬೇಕಿಲ್ಲ, ಹೊರಗಿನ ಗಾಳಿಯೇ ಸಾಕು. ನೀರಿಗೆ ಬಾಯಾರಿದ ಕಾರೂನಲ್ಲಿ ಇದು ಸಣ್ಣ ಮಾತಲ್ಲ.

ಈ ಊರಿಗೂ ಸೂರ್ಯನಿಗೂ ಹಳೆಯ ನಂಟಿದೆ. 1882ರ ಡಿಸೆಂಬರ್‌ 6ರಂದು ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋದಾಗ ಬ್ರಿಟಿಷ್‌ ಖಗೋಳ ವೀಕ್ಷಕರು ಇಲ್ಲಿಗೇ ಬಂದು ದೂರದರ್ಶಕ ಹೂಡಿದ್ದರು. ಆಗ ಊರಿನ ಹೆಸರು ಮಾಂಟೇಗ್ಯೂ ರೋಡ್‌. ಆಮೇಲೆ ಉಗಿಬಂಡಿಗಳು ಊರನ್ನು ಸಾಕಿದವು. ಅವುಗಳ ಕಾಲ ಮುಗಿದಾಗ ರೈಲ್ವೆ ಕೆಲಸವೂ ಕರಗಿತು.

ಫ್ರಾನ್ಸಿನ ಸೋಯ್ಟೆಕ್‌ ಕಂಪನಿ ಕಟ್ಟಿದ ಈ ಸ್ಥಾವರದ ಸಾಮರ್ಥ್ಯ 44 ಮೆಗಾವಾಟ್‌. ಅದಕ್ಕಾಗಿ 2013ರಲ್ಲಿ ನೂರು ಕೋಟಿ ರಾಂಡ್‌ ಮೊತ್ತದ ಬಾಂಡ್‌ ಮಾರಿದರು. 2014ರ ಕೊನೆಗೆ ಕೆಲಸ ಮುಗಿಯಿತು. ಅದೇ ಡಿಸೆಂಬರ್‌ನಲ್ಲಿ ಸೋಯ್ಟೆಕ್‌ ಮತ್ತು ಅದರ ಸಂಶೋಧನಾ ಜೊತೆಗಾರರು ನಾಲ್ಕು ಪದರದ ಕೋಶವೊಂದರಲ್ಲಿ ಶೇ 46ರಷ್ಟು ದಕ್ಷತೆ ಸಾಧಿಸಿ ವಿಶ್ವದಾಖಲೆ ಬರೆದರು. ಮರುತಿಂಗಳೇ, 2015ರ ಜನವರಿಯಲ್ಲಿ, ಕಂಪನಿ ಸೌರ ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಸಾರಿತು. ಸಿಲಿಕಾನ್‌ ಫಲಕಗಳ ಬೆಲೆ ಅಷ್ಟು ಬೇಗ ಬಿದ್ದಿತ್ತು.

ನಮ್ಮ ಪಾವಗಡದಲ್ಲಿ ಸುಮಾರು 13,000 ಎಕರೆ ತುಂಬ ಹಬ್ಬಿರುವುದು ಆ ಚಪ್ಪಟೆ ಫಲಕಗಳೇ. ಮುಂಗಾರಿನ ಮೋಡ ಕವಿದ ದಿನವೂ ಅವು ಅಷ್ಟಿಷ್ಟು ದುಡಿಯುತ್ತವೆ. ನಮಗೆ ಅದೇ ಸರಿ. ಆದರೆ ಮೋಡವೇ ಅಪರೂಪವಾದ ಮರಳುನಾಡುಗಳಲ್ಲಿ, ಬಿದ್ದ ಬಿಸಿಲಿನಿಂದ ಅವುಗಳಿಗಿಂತ ಹೆಚ್ಚು ವಿದ್ಯುತ್‌ ಹಿಂಡಬಲ್ಲ ಈ ಲೆನ್ಸ್‌ ವಿದ್ಯೆಯನ್ನು ಬರೀ ಬೆಲೆಯ ಲೆಕ್ಕದಲ್ಲಿ ಕೈಬಿಟ್ಟದ್ದು ಅವಸರದ ತೀರ್ಮಾನ. ಅಂಥ ನಾಡುಗಳ ಸರ್ಕಾರಗಳೂ ಪ್ರಯೋಗಾಲಯಗಳೂ ಇದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.