ಸಗಣಿ ತಣ್ಣಗಾಗಲಿ, ಎರೆಹುಳು ಬದುಕಲಿ



ಕಳೆದ ಬೇಸಿಗೆಯಲ್ಲಿ ಕೂಡ್ಲಿಗಿ ಕಡೆಯ ಹಳ್ಳಿಯೊಂದಕ್ಕೆ ಗಬ್ಬದ ಹಸು ನೋಡಲು ಹೋಗಿದ್ದೆ. ಪರೀಕ್ಷೆ ಮುಗಿದ ಮೇಲೆ ಆ ಮನೆಯ ಅಕ್ಕ ಹಿತ್ತಲಿಗೆ ಕರೆದೊಯ್ದು, "ಹಾಲಿನ ದುಡ್ಡಿನಾಗ ಎರೆಹುಳ ತಂದಿದ್ದೆ ರೀ ಡಾಕ್ಟ್ರೇ, ನಾಕು ದಿನಕ್ಕ ಎಲ್ಲಾ ಸತ್ತೋದ್ವು" ಎಂದರು. ತೊಟ್ಟಿಯೊಳಗೆ ಕೈಯಿಟ್ಟು ನೋಡಿದೆ. ಒಳಗೆ ಸುಡುವಷ್ಟು ಬಿಸಿ. ಕೊಟ್ಟಿಗೆಯಿಂದ ಬಾಚಿದ ಹಸಿ ಸಗಣಿಯನ್ನೇ ತುಂಬಿ, ಅದರ ಮೇಲೆ ಹುಳು ಬಿಟ್ಟಿದ್ದರು.

ತಪ್ಪು ಹುಳುವಿನದಲ್ಲ, ಅವಸರದ್ದು. ಈ ನಷ್ಟ ನಿಮಗಾಗಬಾರದು ಎಂದೇ ಈ ಲೇಖನ.

ಮೊದಲು ಕೊಳೆಯಬೇಕು

ಸಗಣಿ, ಸೊಪ್ಪೆ, ಎಲೆಗಳನ್ನು ಮೊದಲು ತಿನ್ನುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮತ್ತು ಬೂಸ್ಟು. ಆಗ ರಾಶಿ ಕಾಯುತ್ತದೆ, ಮೂಗಿಗೆ ಅಡರುವ ಅಮೋನಿಯಾ ಏಳುತ್ತದೆ. ಚರ್ಮದಿಂದಲೇ ಉಸಿರಾಡುವ ಎರೆಹುಳು ಇವೆರಡನ್ನೂ ತಾಳದು. 15ರಿಂದ 20 ದಿನ ಸಗಣಿಯನ್ನು ನೆರಳಿನಲ್ಲಿ ಹರವಿ, ನೀರು ಚಿಮುಕಿಸಿ, ಆಗಾಗ ತಿರುವಿ ಹಾಕಿ. ಕೈಯಿಟ್ಟಾಗ ತಣ್ಣಗಿದ್ದರೆ ಮಾತ್ರ ಹುಳು ಬಿಡಿ.

ತೊಟ್ಟಿ ಹೀಗಿರಲಿ

* 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಗೆ 2ರಿಂದ 3 ಕಿಲೋ ಹುಳು ಸಾಕು.
* ಬೇವಿನ ಮರದ ನೆರಳು ಅಥವಾ ಸೊಪ್ಪೆಯ ಚಪ್ಪರ ಬೇಕು. ನಮ್ಮ ಬಿಸಿಲಿಗೆ ಇದು ತಪ್ಪದೆ ಇರಬೇಕು.
* ಕೆಳಗೆ ಮೆಕ್ಕೆಜೋಳದ ಸೊಪ್ಪೆ, ಶೇಂಗಾ ಹೊಟ್ಟು. ಮೇಲೆ ಹಳೆ ಸಗಣಿ.
* ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವವಿರಲಿ. ನೀರು ನಿಂತರೂ ಹುಳು ಸಾಯುತ್ತದೆ.
* ಕೋಳಿ, ಇಲಿ ಬಾರದಂತೆ ಒದ್ದೆ ಗೋಣಿಚೀಲ ಹೊದಿಸಿ. ಇರುವೆಗೆ ಸುತ್ತ ನೀರಿನ ಕಾಲುವೆ ಮಾಡಿ.
* ಹೂ ಬಿಟ್ಟ ಕಾಂಗ್ರೆಸ್ ಕಳೆ, ಪ್ಲಾಸ್ಟಿಕ್ ಹಾಕಬೇಡಿ.

ಸುಮಾರು 45ರಿಂದ 60 ದಿನಗಳಲ್ಲಿ ಚಹಾಪುಡಿಯಂಥ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ನಾಲ್ಕೈದು ದಿನ ನೀರು ನಿಲ್ಲಿಸಿದರೆ ಹುಳು ಕೆಳಗಿಳಿಯುತ್ತವೆ. ಮೇಲಿನದನ್ನು ಜರಡಿ ಹಿಡಿಯಿರಿ.

ಪಶುವೈದ್ಯರ ಒಂದು ಮಾತು

ಹಸುವಿಗೆ ಜಂತುನಾಶಕ ಕೊಡಿಸಿದ್ದೀರಾ? ಕೆಲವು ಔಷಧಿಗಳ ಅಂಶ ಸಗಣಿಯಲ್ಲೇ ಹೊರಬರುತ್ತದೆ. ಅದು ಸಗಣಿಯಲ್ಲಿ ಬದುಕುವ ಹುಳುಗಳಿಗೆ ಹಾನಿ ಮಾಡಬಹುದು. ಮೂರು-ನಾಲ್ಕು ವಾರ ಆ ಸಗಣಿಯನ್ನು ಎರೆಹುಳು ತೊಟ್ಟಿಗೆ ಹಾಕದೆ ತಿಪ್ಪೆಗೆ ಹಾಕಿ. ಹುಳುವಿನ ಚಿಂತೆಯಿಂದ ಹಸುವಿನ ಔಷಧಿ ಮಾತ್ರ ತಪ್ಪಿಸಬೇಡಿ.

ಹೊಲಕ್ಕೇನು ಲಾಭ?

ಕೂಡ್ಲಿಗಿ, ಕೊಟ್ಟೂರು ಕಡೆಯ ಮಸಾರಿ ನೆಲ ಮಳೆ ನಿಂತೊಡನೆ ಹೆಪ್ಪುಗಟ್ಟುತ್ತದೆ. ನೀರು ಇಳಿಯದೆ ಹರಿದುಹೋಗುತ್ತದೆ. ಎರೆಹುಳು ಕೊರೆದ ದಾರಿಯಲ್ಲಿ ನೀರೂ ಗಾಳಿಯೂ ಬೇರಿಗೆ ತಲುಪುತ್ತವೆ. ಆದರೆ ತೊಟ್ಟಿಯ ಹುಳುವನ್ನು ಹೊಲಕ್ಕೆ ಬಿಟ್ಟರೆ ಬದುಕದು. ಅದು ಸಗಣಿಯಲ್ಲೇ ಬಾಳುವ ಜಾತಿ. ಗೊಬ್ಬರ ಹಾಕಿ, ಮೇಲೆ ಒಣಸೊಪ್ಪು ಮುಚ್ಚಿ. ನೆಲದಲ್ಲಿರುವ ನಮ್ಮ ಊರಿನ ಹುಳುಗಳೇ ಮೇಲೆ ಬರುತ್ತವೆ.

ಹರಪನಹಳ್ಳಿಯ ಮೆಕ್ಕೆಜೋಳ, ಹಡಗಲಿಯ ಮಲ್ಲಿಗೆ, ಹಗರಿಬೊಮ್ಮನಹಳ್ಳಿಯ ಹಿತ್ತಲ ತರಕಾರಿ, ಎಲ್ಲಕ್ಕೂ ಇದು ಆಗುತ್ತದೆ. ಶೇಂಗಾ ಹೊಲಕ್ಕಂತೂ ಹಸಿ ಸಗಣಿ ಬೇಡವೇ ಬೇಡ. ಅದರ ಜೊತೆ ಗೊಣ್ಣೆಹುಳು ಸೇರಿಕೊಂಡು ಬೇರು ಕಡಿಯುತ್ತದೆ.

ಆ ಅಕ್ಕ ಮತ್ತೆ ಹುಳು ತಂದರು, ಈ ಸಲ ಇಪ್ಪತ್ತು ದಿನ ಕಾದರು. ಮೊನ್ನೆ ಹೋದಾಗ ಹಸುವಿಗಿಂತ ಮೊದಲು ತೊಟ್ಟಿಯನ್ನೇ ತೋರಿಸಿದರು. ಹಾಲಿನ ದುಡ್ಡು ವಾರಕ್ಕೆ ಖರ್ಚಾಗುತ್ತದೆ; ಸಗಣಿಯ ಸಾರ ವರ್ಷಗಟ್ಟಲೆ ನೆಲದಲ್ಲಿ ಉಳಿಯುತ್ತದೆ. ಟ್ರ್ಯಾಕ್ಟರ್ ಲೆಕ್ಕದಲ್ಲಿ ತಿಪ್ಪೆ ಮಾರುವ ಮುನ್ನ ಒಂದು ತೊಟ್ಟಿಯಷ್ಟಾದರೂ ನಿಮ್ಮ ಹೊಲಕ್ಕೆ ಉಳಿಸಿಕೊಳ್ಳಿ.