ಮಾಯಾನಾಡಿಗೆ ಮತ್ತೆ ಹೋದ ಹುಡುಗಿ

ರಾತ್ರಿ ಪಾತ್ರೆ ತೊಳೆದು, ಒಲೆ ಒರೆಸಿ, ಇನ್ನೇನು ಮಲಗಬೇಕು ಅನ್ನುವಷ್ಟರಲ್ಲಿ ಮಕ್ಕಳು ಕಥೆಗೆ ಗಂಟುಬೀಳುವುದು ನಿಮ್ಮ ಮನೆಯಲ್ಲೂ ಇದ್ದದ್ದೇ ಅಲ್ಲವೇ, ಸೋದರಿಯರೇ? ಇಳಕಲ್ಲಿನಲ್ಲಿ ಅಕ್ಕನ ಮಗಳಿಗೆ ಡೊರೊಥಿಯ ಕಥೆ ಹೇಳಿದ್ದೆ. ಸುಂಟರಗಾಳಿ ಆ ಹುಡುಗಿಯನ್ನು ಮನೆ ಸಮೇತ ಎತ್ತಿ ಓಝ್ ಎಂಬ ಮಾಯಾನಾಡಿನಲ್ಲಿ ಇಳಿಸುತ್ತದೆ, ಕೊನೆಗೆ ಆಕೆ ಊರು ಸೇರುತ್ತಾಳೆ. ಕಥೆ ಮುಗೀತು ಅಂದರೆ ಕೂಸು ಎದ್ದು ಕೂತಳು: "ಚಿಗವ್ವಾ, ಆಕಿ ಮತ್ತ ಅಲ್ಲಿಗೆ ಹೋಗಲಿಲ್ಲೇನು? ಗೆಳ್ಯಾರು ದಾರಿ ಕಾಯ್ತಿರ್ತಾರಲ್ಲ!"

ಹೋದಳು. ಅಮೆರಿಕದ ಎಲ್. ಫ್ರ್ಯಾಂಕ್ ಬಾಮ್ 1900ರಲ್ಲಿ ಮೊದಲ ಪುಸ್ತಕ ಬರೆದರು. ಮಕ್ಕಳು ಬಿಡಬೇಕಲ್ಲ, ಓಝ್ ನಾಡಿನ ಮೇಲೆ ಒಟ್ಟು 14 ಪುಸ್ತಕ ಬರೆಯಬೇಕಾಯಿತು! ಆಕೆಯ ಮರುಪಯಣವನ್ನೇ ಹಾಡುಗಳ ಕಾರ್ಟೂನ್ ಚಿತ್ರವಾಗಿ ಮಾಡಿದ್ದು 'ಜರ್ನಿ ಬ್ಯಾಕ್ ಟು ಓಝ್'. ಈ ಸಲ ಮಾಂಬಿ ಎಂಬ ಮಾಟಗಾತಿ ಹಸಿರು ಆನೆಗಳ ದಂಡು ಕಟ್ಟಿ ಊರಿನ ಮೇಲೆ ಏರಿ ಬರುತ್ತಾಳೆ. ಹಳೆಯ ಗೆಳೆಯರಾದ ತಗಡಿನ ಮನುಷ್ಯ, ಸಿಂಹ ಇಬ್ಬರೂ ಹೆದರಿ ಹಿಂದೆ ಸರಿಯುತ್ತಾರೆ. ಹಿಂದಿನ ಸಲ ಧೈರ್ಯ ಪಡೆದಿದ್ದ ಸಿಂಹವೇ! ಹುಡುಗಿಯ ಕೈಯಲ್ಲಿ ಉಳಿದದ್ದು ಒಂದು ಪುಟ್ಟ ಡಬ್ಬಿ. ತೆಗೆದರೆ ಇಲಿಗಳು, ಆನೆಗಳು ಕಾಲಿಗೆ ಬುದ್ಧಿ ಹೇಳುತ್ತವೆ. ಬದಾಮಿಯ ಮೊದಲನೆಯ ಗುಹೆಯಲ್ಲಿ 18 ಕೈಗಳ ನಟರಾಜನನ್ನೂ ಪಕ್ಕದ ಗಣಪನನ್ನೂ ತೋರಿಸಿ ಮರಳುವಾಗ, ಬಸ್ಸು ಹುನಗುಂದ ದಾಟುವಷ್ಟರಲ್ಲಿ ನಮ್ಮ ಹುಡುಗಿಯ ತೀರ್ಪು ಬಂತು: "ಇಲಿ ಗಣಪ್ಪಂದು. ಅದಕ್ಕ ಗೆದ್ದಾವು."

ಕೆಲವು ಹಾಡುಗಳು ಎಳೆದಂತಿವೆ, ಸುಳ್ಳೇಕೆ ಹೇಳಲಿ. ನನ್ನನ್ನು ಹಿಡಿದದ್ದು ಡೊರೊಥಿಯ ದನಿ. 1939ರ ಚಿತ್ರದಲ್ಲಿ ಡೊರೊಥಿಯಾಗಿ ಹಾಡಿದವರು ಜೂಡಿ ಗಾರ್ಲೆಂಡ್. ಈ ಚಿತ್ರದಲ್ಲಿ ಅದೇ ಪಾತ್ರಕ್ಕೆ ದನಿ ಕೊಟ್ಟವರು ಅವರ ಮಗಳು ಲೈಝಾ ಮಿನೆಲಿ. 1960ರ ದಶಕದ ಆರಂಭದಲ್ಲಿ, ಹದಿಹರೆಯದಲ್ಲೇ ಹಾಡಿ ಮುಗಿಸಿದ್ದರು. ದುಡ್ಡು ಸಾಲದೆ ಚಿತ್ರ ವರ್ಷಗಟ್ಟಲೆ ನಿಂತು, ತೆರೆಗೆ ಬಂದದ್ದು 1972ರಲ್ಲಿ. ತಾಯಿ 1969ರಲ್ಲೇ ತೀರಿಕೊಂಡಿದ್ದರು.

ಇನ್ನೊಂದು ಸೋಜಿಗ. 1939ರ ಚಿತ್ರದಲ್ಲಿ ಮಾಟಗಾತಿಯಾಗಿ ಮಕ್ಕಳನ್ನು ನಡುಗಿಸಿದ ಮಾರ್ಗರೆಟ್ ಹ್ಯಾಮಿಲ್ಟನ್, ಇಲ್ಲಿ ಡೊರೊಥಿಯನ್ನು ಸಾಕಿದ ಚಿಕ್ಕಮ್ಮನ ದನಿಯಾದರು! ನಟನೆಗೆ ಬರುವ ಮೊದಲು ಆಕೆ ಶಿಶುವಿಹಾರದ ಟೀಚರು. 1975ರಲ್ಲಿ ಅಮೆರಿಕದ ಟಿ.ವಿ.ಯ ಮಕ್ಕಳ ಕಾರ್ಯಕ್ರಮಕ್ಕೆ ಬಂದು, ಮಾಟಗಾತಿಯ ಉಡುಪನ್ನು ಒಂದೊಂದಾಗಿ ಹಾಕಿಕೊಳ್ಳುತ್ತ 'ಇದು ಬರೀ ವೇಷ' ಎಂದು ತೋರಿಸಿದರು. ನಾನೂ ಅದನ್ನೇ ಮಾಡಿದೆ. ಮಾಂಬಿಗೆ ಹೆದರಿ ಕೂಸು ಬಚ್ಚಲಿಗೂ ಒಬ್ಬಳೇ ಹೋಗಲೊಲ್ಲಳು. ಅವಳೆದುರಿಗೇ ಕರೀ ಚಾದರ ಹೊದ್ದು, ತೆಗೆದು, ಮತ್ತೆ ಹೊದ್ದೆ. ಆಮೇಲೆ ಚಾದರ ಅವಳೇ ಕಸಿದುಕೊಂಡು ನಮ್ಮನ್ನೆಲ್ಲ ಹೆದರಿಸಿದಳು. ನೀವೂ ಮಾಡಿ ನೋಡಿ. ಆದರೆ ಕತ್ತಲಲ್ಲಿ ಬೇಡ.

ಅವ್ವ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ನಮ್ಮ ತವರುಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿಯ ಹಿನ್ನೀರು ಬಂದು, ನಾವೆಲ್ಲ ನವನಗರಕ್ಕೆ ಗಂಟುಮೂಟೆ ಕಟ್ಟಿದೆವು. ಆ ಓಣಿ ಈಗ ಅವ್ವನ ಕನಸಿಗಷ್ಟೇ ಸಿಗುತ್ತದೆ.

"ಅಮ್ಮಾ, ನೀನೂ ಮತ್ತ ಅಲ್ಲಿಗೆ ಹೋಗ್ತೀ ಏನು?" ಅಂದಳು ಮೊಮ್ಮಗಳು.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಬಾ ಇಲ್ಲೆ, ಕೂಡು. ನಮ್ಮ ಓಣಿ ಬಾಯಾಗ ಒಂದು ಬೇವಿನ ಗಿಡ ಇತ್ತು..." ಎಂದು ಶುರುಮಾಡಿದಳು.